ಮೊದಲು ಪ್ರಶ್ನೆ ಹುಡುಕಿಕೊಳ್ಳಿ, ಆಮೇಲೆ ಪ್ರೊಫೆಸರ್‌

ಅಮೆರಿಕಕ್ಕೆ ಬಂದು ಒಂದು ವರ್ಷ ಆಯಿತು, ಈಗ ಜೆಡಿ (ಅಲ್ಲಿನ ಕಾನೂನು ಪದವಿ) ಎರಡನೇ ವರ್ಷ ಅಂತ ಬರೆದಿದ್ದೀರಿ. ಒಂದು ಕ್ಲಾಸ್ ಬಿಟ್ಟು, ಪ್ರೊಫೆಸರ್ ಒಬ್ಬರ ಮಾರ್ಗದರ್ಶನದಲ್ಲಿ ಇಂಡಿಪೆಂಡೆಂಟ್ ಸ್ಟಡಿ, ಅಂದರೆ ಸ್ವಂತವಾಗಿ ಓದಿ ಒಂದು ಪೇಪರ್ ಬರೆಯುವುದು, ಮಾಡಿ ಎರಡು ಕ್ರೆಡಿಟ್ ತೆಗೆದುಕೊಂಡರೆ ಸುಲಭ ಅಲ್ವಾ, ಅವರನ್ನು ಕೇಳುವುದು ಹೇಗೆ ಅನ್ನುವುದು ನಿಮ್ಮ ಪ್ರಶ್ನೆ.

ಖಂಡಿತ ಮಾಡಿ. ಆದರೆ ಸುಲಭ ಅಂತ ಮಾಡಬೇಡಿ. ಲಾ ಸ್ಕೂಲ್‌ಗಳಿಗೆ ಮಾನ್ಯತೆ ಕೊಡುವ ಅಮೆರಿಕನ್ ಬಾರ್ ಅಸೋಸಿಯೇಷನ್ ಲೆಕ್ಕದಲ್ಲಿ ಒಂದು ಕ್ರೆಡಿಟ್‌ಗೆ ಕನಿಷ್ಠ 42.5 ಗಂಟೆ ಕೆಲಸ. ಎರಡಕ್ಕೆ 85. ಹದಿನಾಲ್ಕು ವಾರಕ್ಕೆ ಹಂಚಿದರೆ ವಾರಕ್ಕೆ ಆರು ಗಂಟೆ. ಕ್ಲಾಸ್ ಇದ್ದರೆ ಟೈಮ್‌ಟೇಬಲ್ಲೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಓದಿದೆಯಾ ಅಂತ ಯಾರೂ ಕೇಳುವುದಿಲ್ಲ.

ನಾನು ಮೊದಲ ಸಲ ಹೋದಾಗ, "ಬಾಡಿಗೆದಾರರ ಹಕ್ಕಿನ ಬಗ್ಗೆ ಬರೆಯಬೇಕು" ಅಂದೆ. "ಅದು ವಿಷಯ. ಪ್ರಶ್ನೆ ಯಾವುದು?" ಅಂದರು ಪ್ರೊಫೆಸರ್. ಪ್ರಶ್ನೆ ಅವರೇ ಕೊಡುತ್ತಾರೆ ಅಂದುಕೊಂಡು ಹೋಗಿದ್ದೆ, ಬಾಯಿ ಕಟ್ಟಿಹೋಯಿತು. ಎರಡು ವಾರ ಕೂತು ಕೇಸುಗಳನ್ನು ಓದಿದೆ. 1970ರ ಜಾವಿನ್ಸ್ ತೀರ್ಪಿನಲ್ಲಿ ವಾಷಿಂಗ್ಟನ್ ಡಿ.ಸಿ.ಯ ಫೆಡರಲ್ ಮೇಲ್ಮನವಿ ಕೋರ್ಟು, ಮನೆಯನ್ನು ವಾಸಕ್ಕೆ ಯೋಗ್ಯವಾಗಿ ಇಡುವುದು ಮಾಲೀಕನ ಹೊಣೆ, ಬಾಡಿಗೆ ಕೊಡುವ ಹೊಣೆಯೂ ಅದಕ್ಕೇ ಅಂಟಿಕೊಂಡಿದೆ ಎಂದಿತು. ಸರಿ, ರಿಪೇರಿ ಆಗಿಲ್ಲವೆಂದು ಬಾಡಿಗೆ ತಡೆಹಿಡಿದವನು ಕೇಸು ಮುಗಿಯುವ ತನಕ ಆ ಹಣವನ್ನು ಕೋರ್ಟಿನಲ್ಲಿ ಕಟ್ಟಬೇಕೇ? ಅಷ್ಟು ಹಣವೇ ಇಲ್ಲದಿದ್ದರೆ? ಇದನ್ನು ಹಿಡಿದುಕೊಂಡು ಹೋದೆ. ಅವತ್ತೇ ಫಾರ್ಮಿಗೆ ಸಹಿ ಹಾಕಿದರು.

ಹಾಗಾಗಿ ನೀವು ಎರಡು ಪುಟ ಬರೆದುಕೊಂಡು ಹೋಗಿ. ನಿಮ್ಮ ಪ್ರಶ್ನೆ, ಅದರ ಬಗ್ಗೆ ಈಗಾಗಲೇ ಯಾರು ಏನು ಬರೆದಿದ್ದಾರೆ, ಮೊದಲ ಡ್ರಾಫ್ಟ್ ಯಾವ ತಾರೀಖಿಗೆ ಕೊಡುತ್ತೀರಿ, ಇಷ್ಟು ಸಾಕು. ವೆಸ್ಟ್‌ಲಾ ಎಂಬ ಕಾನೂನು ಡೇಟಾಬೇಸ್‌ನಲ್ಲಿ ಲಾ ರಿವ್ಯೂಗಳನ್ನು (ಕಾನೂನು ಪತ್ರಿಕೆಗಳನ್ನು) ಹುಡುಕದೆ ಹೋಗಬೇಡಿ. ನಿಮಗೆ ಪಾಠ ಮಾಡಿದವರನ್ನೇ ಕೇಳಿದರೆ ಒಳ್ಳೆಯದು, ನಿಮ್ಮ ಬರವಣಿಗೆ ಅವರಿಗೆ ಗೊತ್ತಿರುತ್ತದೆ. ರಿಜಿಸ್ಟ್ರೇಷನ್ ಶುರುವಾಗುವ ಮೊದಲೇ ಕೇಳಿ.

ನನ್ನ ಡ್ರಾಫ್ಟ್ ವಾಪಸ್ ಬಂದಾಗ ಏಳನೇ ಪುಟದ ಅಂಚಿನಲ್ಲಿ ಒಂದೇ ಸಾಲು: "ಜಡ್ಜ್ ಹೇಳಿದ್ದು ಗೊತ್ತಾಯಿತು. ನೀವೇನು ಹೇಳುತ್ತೀರಿ?" ದೊಡ್ಡವರ ಮಾತಿಗೆ ಎದುರಾಡಬಾರದು ಅಂತ ಬೆಳೆದ ನನಗೆ ಆ ಸಾಲಿಗೆ ಉತ್ತರ ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನಿಮಗೂ ಆಗಬಹುದು. ಆದರೂ ಬರೆಯಿರಿ. ಪ್ರೊಫೆಸರ್ ಒಪ್ಪದಿದ್ದರೂ ಪರವಾಗಿಲ್ಲ, ಕಾರಣ ಗಟ್ಟಿಯಾಗಿರಲಿ.

ಮೊದಲ ವರ್ಷದ ನಂತರ ಕಡ್ಡಾಯವಾಗಿರುವ ದೊಡ್ಡ ಬರವಣಿಗೆಗೆ ಇದೇ ಪೇಪರ್ ಸಲ್ಲುತ್ತದಾ ಅಂತ ರಿಜಿಸ್ಟ್ರಾರ್ ಹತ್ತಿರ ಕೇಳಿಕೊಳ್ಳಿ. ಸಲ್ಲಿದರೆ ಒಂದೇ ಕೆಲಸದಲ್ಲಿ ಎರಡೂ ಮುಗಿಯುತ್ತದೆ.

ನೀವು ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದರೆ ಇನ್ನೊಂದು ಮಾತು. ನಡುವೆ ಇದನ್ನು ಕೈಬಿಟ್ಟು ಫುಲ್‌ಟೈಮ್‌ಗಿಂತ ಕಡಿಮೆ ಕ್ರೆಡಿಟ್ ಆದರೆ ವೀಸಾಕ್ಕೇ ತೊಂದರೆ. ಬಿಡುವ ಯೋಚನೆ ಬಂದ ದಿನವೇ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಹೋಗಿ, ಬಿಟ್ಟ ಮೇಲಲ್ಲ.

ಎರಡು ಪುಟ ಬರೆದಾದ ಮೇಲೆ ಬೇಕಿದ್ದರೆ ನನಗೆ ಕಳಿಸಿ. ಪ್ರೊಫೆಸರ್ ಕೈಗೆ ಹೋಗುವ ಮೊದಲು ಓದಿ ಹೇಳುತ್ತೇನೆ.