ಓದುಗರ ಪ್ರಶ್ನೆ: ಶಟ್‌ಡೌನ್ ಮಾಡಿದರೂ ಆಫ್ ಆಗದ ಕಂಪ್ಯೂಟರ್

ಪ್ರಶ್ನೆ: ಕಾಫಿ ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ವಿಂಡೋಸ್ 10 ಇರುವ ಡೆಸ್ಕ್‌ಟಾಪ್. ದಿನಾ ಸಂಜೆ ಶಟ್‌ಡೌನ್ ಮಾಡಿಯೇ ಹೊರಡುವುದು. ಕರೆಂಟು ಹೋಗಿ ಯುಪಿಎಸ್ ಕೂಗಿದರೂ ತಕ್ಷಣ ಶಟ್‌ಡೌನ್. ಆದರೂ ಬರಬರುತ್ತಾ ನಿಧಾನ ಆಗಿದೆ, ಪ್ರಿಂಟರ್ ಬೇರೆ ಆಗಾಗ ಕಾಣೆಯಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಅಪ್ ಟೈಮ್, ಅಂದರೆ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ, 19 ದಿನ ಅಂತಿದೆ! ಮಳೆಗಾಲದಲ್ಲಿ ನಮಗೆ ಕರೆಂಟೇ 19 ಗಂಟೆ ಒಟ್ಟಿಗೆ ಇರಲ್ಲ ಸಾರ್.
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಅದು ಸುಳ್ಳು ಹೇಳುತ್ತಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಏರ್ಪಾಡಿದೆ. ಶಟ್‌ಡೌನ್ ಒತ್ತಿದರೆ ನಿಮ್ಮ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ ನಿಜ, ಆದರೆ ವಿಂಡೋಸ್‌ನ ಒಳಗಿನ ಭಾಗ ಮತ್ತು ಡ್ರೈವರ್‌ಗಳು (ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ತಂತ್ರಾಂಶ) ಇದ್ದ ಸ್ಥಿತಿಯಲ್ಲೇ ಒಂದು ಫೈಲಿಗೆ ಹೋಗಿ ಕೂರುತ್ತವೆ, ಬೆಳಿಗ್ಗೆ ಅಲ್ಲಿಂದಲೇ ಏಳುತ್ತವೆ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಬೆಳಿಗ್ಗೆ ಊದಿ ಹೊತ್ತಿಸುತ್ತಿದ್ದರಲ್ಲ, ಹಾಗೆ. ನಿನ್ನೆ ಕೆಟ್ಟಿದ್ದ ಪ್ರಿಂಟರ್ ಡ್ರೈವರ್ ಇವತ್ತೂ ಕೆಟ್ಟೇ ಏಳುತ್ತದೆ. ರೀಸ್ಟಾರ್ಟ್ ಮಾತ್ರ ಒಲೆಯನ್ನು ಪೂರ್ತಿ ಆರಿಸಿ ಹೊಸದಾಗಿ ಹಚ್ಚುತ್ತದೆ. ಒಮ್ಮೆ ರೀಸ್ಟಾರ್ಟ್ ಮಾಡಿ ಅಪ್ ಟೈಮ್ ನೋಡಿ, ಸೊನ್ನೆಯಿಂದ ಶುರುವಾಗಿರುತ್ತದೆ.

ಇದನ್ನು ಖಾಯಂ ನಿಲ್ಲಿಸಬೇಕೆಂದರೆ ಕಂಟ್ರೋಲ್ ಪ್ಯಾನೆಲ್, ಅದರಲ್ಲಿ ಪವರ್ ಆಪ್ಷನ್ಸ್, ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ'. ಕೆಳಗಿನ ಟಿಕ್‌ಗಳು ಮಸುಕಾಗಿರುತ್ತವೆ, ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಅನ್ನುವ ನೀಲಿ ಸಾಲು ಒತ್ತಿದರೆ ತೆರೆದುಕೊಳ್ಳುತ್ತವೆ. ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ.

ಅಲ್ಲಿಗೇ ಹೊರಗೆ ಬರಬೇಡಿ. ಅದೇ ಪುಟದಲ್ಲಿ ಹೈಬರ್ನೇಟ್ ಅಂತ ಇದೆ, ತೆರೆದ ಕೆಲಸವನ್ನೆಲ್ಲ ಹಾಗೇ ಡಿಸ್ಕಿಗೆ ಉಳಿಸಿ ಆಫ್ ಆಗುವ ವಿಧಾನ ಅದು, ಅದಕ್ಕೆ ಟಿಕ್ ಹಾಕಿ. ಮೇಲ್ಗಡೆ ಪವರ್ ಬಟನ್ ಒತ್ತಿದರೆ ಏನಾಗಬೇಕು ಎಂಬಲ್ಲಿಯೂ ಹೈಬರ್ನೇಟ್ ಆರಿಸಿ, ಸೇವ್ ಮಾಡಿ. ಇನ್ನು ಲೈನಿನ ಮೇಲೆ ಮರ ಬಿದ್ದು ಯುಪಿಎಸ್ ಕೂಗಿತೋ, ಕತ್ತಲಲ್ಲಿ ಮೌಸ್ ತಡಕಾಡಬೇಡಿ, ಬಟನ್ ಒಮ್ಮೆ ಒತ್ತಿ ಬಿಟ್ಟುಬಿಡಿ. ತೆರೆದಿದ್ದ ಲೆಕ್ಕ ಇದ್ದಲ್ಲೇ ಡಿಸ್ಕಿಗೆ ಹೋಗುತ್ತದೆ, ಕರೆಂಟು ಎರಡು ದಿನ ಬಿಟ್ಟು ಬಂದರೂ ಅದೇ ಸಾಲಿನಿಂದ ಮುಂದುವರಿಸಬಹುದು. ಒತ್ತಿ ಹಿಡಿದರೆ ಮಾತ್ರ ದಬಕ್ಕನೆ ಆಫ್ ಆಗುತ್ತದೆ, ಕೆಲಸ ಹೋಯಿತು ಅಂತಲೇ. ಡಿಸ್ಕಿನಲ್ಲಿ ಜಾಗ ಉಳಿಸಲು ಹೈಬರ್ನೇಟನ್ನೇ ಕಿತ್ತುಹಾಕಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಇರಲಿ, ಕೊಡಗಿನಲ್ಲಿ ಅದು ಬೇಡ.

ಪ್ರಶ್ನೆ: ಮೂರು ದಿನ ಕರೆಂಟಿರಲಿಲ್ಲ. ಬಂದ ಮೇಲೆ ಆನ್ ಮಾಡಿದರೆ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿದೆ, ಯಾವ ವೆಬ್‌ಸೈಟೂ ತೆರೆಯಲ್ಲ, ಸುರಕ್ಷಿತ ಅಲ್ಲ ಅನ್ನುತ್ತದೆ. ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ ಅಂದರು.
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಮದರ್‌ಬೋರ್ಡಿಗೆ ದುಡ್ಡು ಕೊಡುವ ಮೊದಲು ಅದರ ಮೇಲಿರುವ ನಾಣ್ಯದಂಥ ಸೆಲ್ ಬದಲಾಯಿಸಿ. ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಕರೆಂಟಿಲ್ಲದಾಗ ಗಡಿಯಾರ ಓಡಿಸುವುದು ಅದೇ. ವೆಬ್‌ಸೈಟುಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ, ನಿಮ್ಮ ತಾರೀಖು ಹಿಂದಿದ್ದರೆ ಬ್ರೌಸರ್ ಒಪ್ಪಲ್ಲ. ಸೆಲ್ ಸಿಗುವವರೆಗೆ ತಾರೀಖನ್ನು ಕೈಯಲ್ಲೇ ಸರಿಮಾಡಿ, ಆಮೇಲೆ ಸಿಂಕ್ ನೌ ಒತ್ತಿ. ಸೆಲ್ ತೆಗೆಯುವಾಗ ಪ್ಲಗ್ ಕಿತ್ತಿರಲಿ.

ಪ್ರಶ್ನೆ: ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ದಿನದ ಡೇಟಾ ಪೂರ್ತಿ ಕಂಪ್ಯೂಟರೇ ನುಂಗುತ್ತದೆ.
– ಓದುಗರೊಬ್ಬರು, ಭಾಗಮಂಡಲ

ಉತ್ತರ: ಅಪ್‌ಡೇಟ್‌ಗಳ ಕೆಲಸ ಇರಬೇಕು. ವೈಫೈ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹಾಟ್‌ಸ್ಪಾಟ್ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ದೊಡ್ಡ ಡೌನ್‌ಲೋಡ್‌ಗಳು ಬಹುತೇಕ ನಿಲ್ಲುತ್ತವೆ. ಬ್ರಾಡ್‌ಬ್ಯಾಂಡ್ ಇರುವ ನೆಂಟರ ಮನೆಗೆ ಹೋದಾಗ ಅಪ್‌ಡೇಟ್ ಮಾಡಿಕೊಳ್ಳಿ, ಪೂರ್ತಿ ಮರೆತುಬಿಡಬೇಡಿ.

ಪ್ರಶ್ನೆ: ಮೊಮ್ಮಗ ಕೀಬೋರ್ಡ್ ಕುಟ್ಟಿದ, ಸ್ಕ್ರೀನ್ ತಲೆಕೆಳಗಾಯಿತು. ಸದ್ಯಕ್ಕೆ ಮಾನಿಟರನ್ನೇ ಉಲ್ಟಾ ಇಟ್ಟುಕೊಂಡಿದ್ದೇನೆ.
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಿಮ್ಮ ಉಪಾಯವೂ ಚೆನ್ನಾಗಿದೆ! ಕಂಟ್ರೋಲ್, ಆಲ್ಟ್ ಒತ್ತಿಹಿಡಿದು ಮೇಲಿನ ಬಾಣ ಒತ್ತಿ ನೋಡಿ. ಆಗದಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಓರಿಯಂಟೇಷನ್ ಎಂಬಲ್ಲಿ 'ಲ್ಯಾಂಡ್‌ಸ್ಕೇಪ್' ಆರಿಸಿ. ಮಾನಿಟರ್ ನೆಟ್ಟಗೆ ಮಾಡಲು ಮರೆಯಬೇಡಿ.