ಹೋಳಿಗೆ ಬೇಡ ಅನ್ನಬೇಡಿ

ಯುಗಾದಿಗೆ ಅತ್ತೆ ಮನೆಯಲ್ಲಿ ನಾಲ್ಕು ದಿನ, ಒತ್ತಾಯ ಮಾಡಿ ಬಡಿಸುತ್ತಾರೆ, ತೂಕ ಏರದಂತೆ ಏನು ಮಾಡಲಿ ಅಂತ ಕೇಳಿದ್ದೀರಿ. ಹೋಳಿಗೆ ಬೇಡ ಅಂದರೆ ಅತ್ತೆಗೆ ಬೇಜಾರಾಗುತ್ತದೆ. ಒಂದು ಹಾಕಿಸಿಕೊಳ್ಳಿ, ತುಪ್ಪದ ಜೊತೆ ನಿಧಾನಕ್ಕೆ ತಿನ್ನಿ. ಎಲೆ ಖಾಲಿ ಕಂಡರೆ ಇನ್ನೊಂದು ಬೀಳುವುದು ಗ್ಯಾರಂಟಿ! ಅದಕ್ಕೇ ನಾನು ಕೊನೆಯ ತುಂಡನ್ನು ಎಲೆ ತುದಿಯಲ್ಲಿ ಇಟ್ಟುಕೊಂಡೇ ಮಜ್ಜಿಗೆ ಅನ್ನಕ್ಕೆ ಹೋಗುತ್ತೇನೆ. ಶುರುವಿನಲ್ಲೇ ಹೆಸರುಬೇಳೆ ಕೋಸಂಬರಿ, ಪಲ್ಯ ಎರಡೆರಡು ಸಲ ಕೇಳಿ ಹಾಕಿಸಿಕೊಳ್ಳಿ, ಅರ್ಧ ಹೊಟ್ಟೆ ಅಲ್ಲೇ ತುಂಬುತ್ತದೆ. ಒಬ್ಬಟ್ಟಿನ ಸಾರು ಮಾತ್ರ ಬಿಡಬೇಡಿ, ಮಾರನೇ ದಿನ ಅದರ ರುಚಿಯೇ ಬೇರೆ ಅಲ್ವಾ? ಊಟ ಆದ ತಕ್ಷಣ ಚಾಪೆ ಹಾಸಬೇಡಿ, ಮಕ್ಕಳ ಜೊತೆ ಸುಮ್ನೆ ಒಂದು ಸುತ್ತು ನಡೆಯಿರಿ. ವರ್ಷತೊಡಕಿನ ಬಾಡೂಟ ಇದ್ದರೆ ಮಧ್ಯಾಹ್ನ ಒಂದೇ ಹೊತ್ತು, ರಾತ್ರಿಗೆ ರಾಗಿ ಅಂಬಲಿ ಸಾಕು.