ಆಂಧ್ರದ ಲಾರಿ ತಡೆದರೆ ಬ್ಯಾಡಗಿ ಶ್ರೀಮಂತವಾಗುತ್ತಾ?

ಪ್ರಶ್ನೆ: ಸರ್, ನಮ್ಮದು ಬ್ಯಾಡಗಿ ತಾಲ್ಲೂಕು. ನಾಲ್ಕು ಎಕರೆಯಲ್ಲಿ ಡಬ್ಬಿ ತಳಿಯ ಮೆಣಸಿನಕಾಯಿ ಬೆಳೆಯುತ್ತೇವೆ. ಸುಗ್ಗಿಯಲ್ಲಿ ಆಂಧ್ರದಿಂದ ಲಾರಿಗಟ್ಟಲೆ ಮಾಲು ಬಂದು ನಮ್ಮ ರೇಟು ಬೀಳುತ್ತೆ. ಅವರು ದುಡ್ಡು ಕಟ್ಟಿಕೊಂಡು ಹೋಗ್ತಾರೆ. ಹೊರಗಿನ ಮಾಲು ನಿಲ್ಲಿಸಿದರೆ ನಮ್ಮ ದುಡ್ಡು ನಮ್ಮಲ್ಲೇ ಉಳಿದು ಊರೂ ದೇಶವೂ ಶ್ರೀಮಂತ ಆಗಲ್ವಾ?
— ಒಬ್ಬ ರೈತ

ಉತ್ತರ: ನಿಮ್ಮ ಸಂಕಟ ನಿಜ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ವರ್ಷದ ದುಡಿಮೆ ಒಂದೇ ದಿನದಲ್ಲಿ ಅರ್ಧ ಬೆಲೆಗೆ ಹೋದರೆ ಹೊಟ್ಟೆ ಉರಿಯದೆ ಇರುತ್ತಾ?

ಆದರೂ ಲಾರಿ ತಡೆಯೋದು ಬೇಡ ಅಂತಲೇ ಹೇಳ್ತೀನಿ. ಮಾರುಕಟ್ಟೆಯ ದಿನ ಬೆಳಗ್ಗೆ ಅಂಗಳದಲ್ಲಿ ನಿಂತು ನೋಡಿ. ಕೆಂಪು ರಾಶಿಗಳ ನಡುವೆ ಖರೀದಿದಾರರು ಒಂದು ಕಾಯಿ ಮುರಿದು, ಅಂಗೈಯಲ್ಲಿ ತಿಕ್ಕಿ, ಬಣ್ಣ ನೋಡಿ ಮುಂದಿನ ಲಾಟಿಗೆ ಹೋಗ್ತಾರೆ. ಮಸಾಲೆ ಕಂಪನಿಯವರೂ ಇರುತ್ತಾರೆ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯವರೂ ಇರುತ್ತಾರೆ. ಅಷ್ಟು ದೂರದಿಂದ ಅವರು ಬರೋದು ಯಾಕೆ? ಡಬ್ಬಿ, ಕಡ್ಡಿ, ಖಾರದ್ದು, ಬಣ್ಣದ್ದು ಎಲ್ಲವೂ ಒಂದೇ ಕಡೆ ಸಿಗುತ್ತೆ ಅಂತ. ಹೊರಗಿನ ಮಾಲು ನಿಂತರೆ ಲಾಟು ಕಡಿಮೆ ಆಗುತ್ತೆ, ಖರೀದಿದಾರ ಆಂಧ್ರದ ಗುಂಟೂರು ಮೆಣಸಿನಕಾಯಿ ಮಾರುಕಟ್ಟೆಗೆ ಹೋಗ್ತಾನೆ. ಆಮೇಲೆ ನಿಮ್ಮ ಡಬ್ಬಿಗೆ ಟೆಂಡರ್ ಹಾಕೋರು ಎಷ್ಟು ಜನ ಉಳಿತಾರೆ? ಕೋಲ್ಡ್ ಸ್ಟೋರೇಜ್‌ಗಳು ಖಾಲಿ ಬೀಳುತ್ತವೆ. ಹಮಾಲರ ಕೂಲಿ ಹೋಗುತ್ತೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಸೀನುತ್ತಾ, ದಿನವಿಡೀ ತೊಟ್ಟು ಬಿಡಿಸುವ ಹೆಂಗಸರ ಮನೆಯ ಸಂತೆಯೂ ನಿಲ್ಲುತ್ತೆ. ಅವರು ಬಿಡಿಸುವ ಕಾಯಿ ಯಾವ ಜಿಲ್ಲೆಯದು ಅನ್ನೋದು ಅವರ ಕೂಲಿಗೆ ಲೆಕ್ಕಕ್ಕಿಲ್ಲ.

ಇನ್ನು ದುಡ್ಡು ಹೊರಗೆ ಹೋಗುತ್ತೆ ಅನ್ನೋ ಮಾತು. ದುಡ್ಡು ಅಳೆಯೋ ಸೇರು ಇದ್ದ ಹಾಗೆ, ಕಾಳೇ ಬೇರೆ. ಸ್ಪೇನ್ ದೇಶದ ಕಥೆ ಕೇಳಿ. 1545ರಲ್ಲಿ ದಕ್ಷಿಣ ಅಮೆರಿಕದ ಪೊಟೋಸಿಯಲ್ಲಿ ಬೆಳ್ಳಿಯ ಬೆಟ್ಟವೇ ಅವರ ಕೈಗೆ ಸಿಕ್ಕಿತು. ಹಡಗು ಹಡಗು ಬೆಳ್ಳಿ ಬಂತು. ಬೆಳ್ಳಿ ಹೆಚ್ಚಿದ ಹಾಗೆ ಬೆಲೆಗಳೂ ಏರಿದವು. ದುಬಾರಿಯಾದ ಅವರ ಮಾಲನ್ನು ಯಾರು ಕೊಳ್ಳಬೇಕು? ಬಟ್ಟೆಬರೆಯನ್ನೂ ಹೊರಗಿಂದ ತರಿಸಿದರು, ಉಳಿದದ್ದು ಯುದ್ಧಕ್ಕೆ ಹೋಯಿತು. 1557, 1575, 1596ರಲ್ಲಿ ರಾಜನ ಖಜಾನೆ ಸಾಲ ತೀರಿಸಲಾಗದೆ ಕೈಯೆತ್ತಿತು. ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ 1776ರಲ್ಲಿ ಇದನ್ನೇ ಬಿಡಿಸಿ ಹೇಳಿದ. ಜನ ಎಷ್ಟು ತಯಾರಿಸ್ತಾರೆ, ಎಷ್ಟು ಸಲೀಸಾಗಿ ಕೊಟ್ಟು ತಗೋತಾರೆ, ದೇಶದ ಸಿರಿ ಅದರಲ್ಲಿದೆ.

ನಮ್ಮ ಸಂವಿಧಾನದ 301ನೇ ವಿಧಿಯೂ ದೇಶದೊಳಗಿನ ವ್ಯಾಪಾರ ಮುಕ್ತವಾಗಿರಬೇಕು ಅನ್ನುತ್ತೆ. ಆಂಧ್ರದ ಲಾರಿಯನ್ನು ಇವತ್ತು ನಾವು ತಡೆದರೆ, ನಾಳೆ ನಮ್ಮ ಲಾರಿಯನ್ನು ಇನ್ನೊಬ್ಬರು ತಡೀತಾರೆ.

ಹಾಗಂತ ಸುಮ್ನೆ ಕೂರಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ, ಅಂದರೆ ಊರಿನ ಹೆಸರಿನ ಮಾಲಿಗೆ ಕೊಡೋ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಬೇರೆ ಕಾಯಿ ಬೆರೆಸಿ ಬ್ಯಾಡಗಿ ಹೆಸರಲ್ಲಿ ಮಾರಿದರೆ ಅದು ಮೋಸ. ಮೋಸ ತಡೆಯೋದು, ತೂಕ ಸರಿ ಇಡೋದು, ಮಾರಿದ ಮಾಲಿನ ಪಟ್ಟಿಯ ದುಡ್ಡು ವಾಯಿದೆಗೆ ಕೊಡಿಸೋದು, ಇಷ್ಟನ್ನು ಸರ್ಕಾರದಿಂದ ಗಟ್ಟಿಯಾಗಿ ಕೇಳಿ. ಇವು ಇಲ್ಲದೆ ಯಾವ ಮುಕ್ತ ಮಾರುಕಟ್ಟೆಯೂ ನಡೆಯಲ್ಲ. ನಿಮ್ಮ ಡಬ್ಬಿಯನ್ನು ಡಬ್ಬಿ ಅಂತಲೇ ಬೇರೆ ಲಾಟಿನಲ್ಲಿ ಇಡಿ, ಬಣ್ಣದ ಪರೀಕ್ಷೆ ಮಾಡಿಸಿ. ನಾಲ್ಕು ಎಕರೆಯವರು ಹತ್ತು ಜನ ಸೇರಿದರೆ ಆ ಖರ್ಚು ದೊಡ್ಡದಲ್ಲ.

ಪ್ರಶ್ನೆ: ನಮ್ಮದು ಗದಗ ಹತ್ತಿರದ ಹಳ್ಳಿ. ಉಳ್ಳಾಗಡ್ಡಿ ರಫ್ತು ನಿಲ್ಲಿಸಿದಾಗ ಕೈಸುಟ್ಟುಕೊಂಡೆವು. ದೇಶಕ್ಕೆ ಅದರಿಂದ ಲಾಭ ಆಯ್ತಾ? ಮತ್ತೆ ಉಳ್ಳಾಗಡ್ಡಿ ಹಾಕಲಾ?

ಉತ್ತರ: ಪೇಟೆಯವರಿಗೆ ಕೆಲವು ತಿಂಗಳು ಅಗ್ಗಕ್ಕೆ ಸಿಕ್ಕಿತು, ಅದು ಸುಳ್ಳಲ್ಲ. ನಷ್ಟ ಇರೋದು ಬೇರೆ ಕಡೆ. 2023ರ ಆಗಸ್ಟ್‌ನಲ್ಲಿ ಶೇ 40 ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ, 2024ರ ಮೇನಲ್ಲಿ ಸುಂಕದ ಜೊತೆ ಅನುಮತಿ. ಹೀಗೆ ನಿಯಮ ಬದಲಾಗುತ್ತಾ ಹೋದರೆ ಬಾಂಗ್ಲಾದೇಶ, ಶ್ರೀಲಂಕಾದ ವ್ಯಾಪಾರಿ ನಮ್ಮನ್ನು ನೆಚ್ಚಿಕೊಂಡು ಎಷ್ಟು ದಿನ ಕೂರ್ತಾನೆ? ಬೇರೆ ಕಡೆ ಗಿರಾಕಿಯಾಗ್ತಾನೆ. ಬೆಲೆ ಏರಿದ ಒಂದು ಹಂಗಾಮಿನಲ್ಲಿ ರೈತನ ಕೈ ಕಟ್ಟಿ, ಬೆಲೆ ಬಿದ್ದ ಹಂಗಾಮಿನಲ್ಲಿ ಅವನೊಬ್ಬನೇ ಅನುಭವಿಸಲಿ ಅಂತ ಬಿಡೋದು ನನಗೆ ಅನ್ಯಾಯ ಅನ್ನಿಸುತ್ತೆ. ನಷ್ಟದ ಭಯ ಇದ್ದವನು ಒಳ್ಳೆ ಬೀಜಕ್ಕೂ, ಉಳ್ಳಾಗಡ್ಡಿ ಕೂಡಿಡೋ ಶೆಡ್ಡಿಗೂ ದುಡ್ಡು ಹಾಕಲ್ಲ.

2025ರ ಏಪ್ರಿಲ್ 1ರಿಂದ ರಫ್ತು ಸುಂಕ ಪೂರ್ತಿ ತೆಗೆದಿದ್ದಾರೆ. ಹಾಗಾಗಿ ಉಳ್ಳಾಗಡ್ಡಿ ಹಾಕಿ. ಆದರೆ ಇಡೀ ಹೊಲಕ್ಕೆ ಬೇಡ, ಅರ್ಧ ಗೋವಿನಜೋಳಕ್ಕೆ ಬಿಟ್ಟುಕೊಳ್ಳಿ.